ಅತ್ತೆಯ ಕೋಣೆಯಲ್ಲಿ ಜೀವ ಇಲ್ಲ

ಇವತ್ತು ಸಂಜೆ ನಮ್ಮತ್ತೆ ತೀರಿಕೊಂಡರೆಂದು ಪಕ್ಕದ ಮನೆಯ ಮಲಯಾಳಿ ಅಕ್ಕ ಲೀಲ ಚೇಚಿ ಓಡಿಬಂದರು ಕಣ್ರಪ್ಪಾ!

ಶ್ರೀಕಾರ್ಯಂನ ನಮ್ಮ ಬಾಡಿಗೆ ಮನೆಯ ಕಲ್ಲಿನ ಗೋಡೆ ಒಂದೂವರೆ ಅಡಿ ದಪ್ಪ. ವೈಫೈ ಮೋಡೆಮ್ ಇರುವುದು ಹಾಲ್‌ನಲ್ಲಿ, ಕಾಲು ಮುರಿದುಕೊಂಡ ಅತ್ತೆ ಇರುವುದು ಒಳಕೋಣೆಯ ಮಂಚದಲ್ಲಿ. ಆರು ಗಂಟೆಗೆ ಮೈಸೂರಿನಿಂದ ನಾದಿನಿ ವೆಬ್‌ಕ್ಯಾಮ್‌ನಲ್ಲಿ ಮಗುವನ್ನು ತೋರಿಸುವವಳಿದ್ದಳು. ಅತ್ತೆ ಇನ್ನೂ ಮೊಮ್ಮಗಳ ಮುಖ ನೋಡಿರಲಿಲ್ಲ.

ನನ್ನ ಗಂಡ ಮೋಡೆಮನ್ನು ಟಿವಿ ಮೇಲೆ, ಕಪಾಟಿನ ಮೇಲೆ ಇಟ್ಟು ನೋಡುತ್ತಿದ್ದರು. ನಾನು ಅತ್ತೆಯ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂಗುತ್ತಿದ್ದೆ. "ಇಲ್ಲಿ ಜೀವಾನೇ ಇಲ್ಲ ರೀ! ಬಂತು, ಬಂತು... ಅಯ್ಯೋ, ಹೋಯ್ತು!"

ಜೀವ ಅಂದರೆ ಮಲಯಾಳಿಗಳಿಗೂ ಜೀವವೇ. ಚೇಚಿ ರಿಟೈರ್ಡ್ ನರ್ಸ್ ಬೇರೆ. ಬಿಪಿ ಮೆಷಿನ್ ಸಮೇತ ನುಗ್ಗಿ ಅತ್ತೆಯ ನಾಡಿ ಹಿಡಿದೇಬಿಟ್ಟರು.

"ನಾನು ಚೆನ್ನಾಗೇ ಇದೀನಮ್ಮ, ಸತ್ತಿರೋದು ಇಂಟರ್ನೆಟ್ಟು," ಅಂದರು ಅತ್ತೆ.

ವಿಷಯ ತಿಳಿದ ಚೇಚಿ ಮನೆಯನ್ನೊಂದು ಸುತ್ತು ಹಾಕಿದರು. "ವಾರ್ಡಿನಲ್ಲಿ ಎಲ್ಲಾ ಮಂಚ ಕಾಣೋ ಕಡೆ ನರ್ಸ್ ಟೇಬಲ್ ಹಾಕ್ತಾರೆ ಮಗಳೇ, ಇದನ್ನೂ ಹಾಗೇ ಇಡು," ಎಂದು ಮಲಯಾಳದಲ್ಲಿ ಹೇಳಿ, ಇದ್ದಷ್ಟು ವೈರ್ ಎಳೆಸಿ, ಬಾಗಿಲ ಮೂಲಕ ಅತ್ತೆಯ ಮಂಚ ಕಾಣುವ ಜಾಗದಲ್ಲಿ ಸ್ಟೂಲ್ ಹಾಕಿ ಮೋಡೆಮ್ ಇಡಿಸಿದರು. ಮೂರು ಕಡ್ಡಿ ಸಿಗ್ನಲ್ ಬಂತು!

ಅತ್ತೆ ಮೊಮ್ಮಗಳನ್ನು ನೋಡಿ ಅತ್ತರು, ಚೇಚಿಯೂ ಅತ್ತರು. ಎಂಜಿನಿಯರುಗಳಾದ ನಾವು ಗಂಡ ಹೆಂಡತಿ ಹಿಂದೆ ಸ್ಟೂಲ್ ಕಾಯುತ್ತಾ ನಿಂತಿದ್ದೆವು.

ಮೆಷಿನ್ ತಂದ ಮೇಲೆ ಚೇಚಿ ಎಲ್ಲರ ಬಿಪಿ ನೋಡದೆ ಹೋಗುವುದುಂಟೇ? ಅತ್ತೆಯದು ಸರಿಯಾಗೇ ಇತ್ತು. ನನ್ನ ಗಂಡನಿಗೆ ಮಾತ್ರ ಇವತ್ತಿನಿಂದ ಉಪ್ಪಿನಕಾಯಿ ಬಂದ್.