ಫೋಟೋಗೆ ವಾಸನೆ ಇರುವುದಿಲ್ಲ

ವಿಮಾನದಲ್ಲಿ ಕೊಡುವ ಊಟ ನನಗೆ ಬಹಳ ಇಷ್ಟ. ಹೀಗೆಂದರೆ ಜನ ನನ್ನನ್ನು, ಪಾಪ, ಇವನಿಗೆ ಮನೆಯಲ್ಲಿ ಸರಿಯಾಗಿ ಹಾಕುವುದಿಲ್ಲವೇನೋ ಎಂಬಂತೆ ನೋಡುತ್ತಾರೆ. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದವನಾದ್ದರಿಂದ ಕೋಲ್ಕತ್ತಾದಿಂದ ಗುವಾಹಟಿ, ಮುಂಬೈ, ಭುವನೇಶ್ವರ ಎಂದು ಹಾರಾಡಿಕೊಂಡೇ ಇರುತ್ತೇನೆ. ಊಟದ ಗಾಡಿ ಸಾಲಿನ ಆ ತುದಿಯಲ್ಲಿ ಕಂಡರೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಅಂಗೈ ಅಗಲದ ಡಬ್ಬಿ, ಅದರ ಬಾಯಿಗೆ ಬಿಗಿದ ಫಾಯಿಲ್, ಪಕ್ಕದಲ್ಲಿ ಪ್ಲಾಸ್ಟಿಕ್ಕಿನೊಳಗೆ ಬೆವರಿದ ಬನ್ನು, ಚಿಟಿಕೆ ಉಪ್ಪಿಗೂ ಒಂದು ಪುಟ್ಟ ಪೊಟ್ಟಣ. ಫಾಯಿಲ್ ಬಿಚ್ಚುವವರೆಗೆ ಒಳಗೇನಿದೆ ಗೊತ್ತಿಲ್ಲ. ನನ್ನ ವಯಸ್ಸಿನಲ್ಲಿ ಹಾಗೆ ಕಾದು, ಬಿಚ್ಚಿ ನೋಡುವಂಥದ್ದು ಬೇರೇನು ಉಳಿದಿರುತ್ತದೆ?

ತಿನ್ನುವ ಮೊದಲು ಒಂದು ಫೋಟೋ ತೆಗೆಯಲೇಬೇಕು. ಇದು ರೀಲಿನ ಕ್ಯಾಮೆರಾ ಕಾಲದಿಂದ ಅಂಟಿಕೊಂಡ ಚಟ. ಹೆಂಡತಿಗೆ ಇದರ ಮೇಲೆ ಹಳೆಯ ಸಿಟ್ಟು. "ಪುರಿಯಲ್ಲಿ ನನ್ನದೊಂದು ಫೋಟೋ ತೆಗೀರಿ ಅಂದ್ರೆ ರೀಲು ಮುಗೀತು ಅಂದ್ರಿ. ಆ ವಿಮಾನದ ಬನ್ನಿನದ್ದು ಮೂರು ಉಂಟು" ಎಂದು ಆಲ್ಬಮ್ ತೆರೆದಾಗಲೆಲ್ಲ ಹೇಳುತ್ತಾಳೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಗೊತ್ತಾದದ್ದು ಹಾಲಿನಿಂದ. ಒಲೆಯ ಪಕ್ಕದಲ್ಲೇ ನಿಂತು ಪೇಪರ್ ಓದುತ್ತಿದ್ದೆ. ಸ್ನಾನಕ್ಕೆ ಹೋಗಿದ್ದ ಹೆಂಡತಿ ಒದ್ದೆ ಕೂದಲಲ್ಲಿ ಓಡಿ ಬಂದು, "ಹಾಲು ಸೀದು ಕರಿ ಆಗಿದೆ, ಇಲ್ಲೇ ನಿಂತಿದ್ದೀರಲ್ಲ ಮಾರಾಯ್ರೆ!" ಎಂದಳು. ಪಾತ್ರೆಯನ್ನು ಮೂಗಿಗೆ ಹಿಡಿದು ನೋಡಿದೆ. ಬಿಸಿ ತಾಗಿತು, ಅಷ್ಟೇ.

ಉಪ್ಪು, ಹುಳಿ, ಸಿಹಿ, ಖಾರ ನಾಲಿಗೆಗೆ ಗೊತ್ತಾಗುತ್ತಿತ್ತು. ಆದರೆ ಸಾರು ಸಾರಾಗಿರಲಿಲ್ಲ, ಹುಳಿನೀರಾಗಿತ್ತು. ನಮ್ಮದು ಉಡುಪಿ ಕಡೆಯ ಮನೆ. ಮದುವೆಯಾದ ಹೊಸತರಲ್ಲಿ ಕೋಲ್ಕತ್ತಾದ ಜಾದವ್‌ಪುರಕ್ಕೆ ಬಂದವರು ಇಲ್ಲೇ ಬೇರು ಬಿಟ್ಟಿದ್ದೇವೆ. ಆದರೂ ಅಡುಗೆಮನೆಯ ವಿಷಯದಲ್ಲಿ ನನ್ನದೊಂದು ಹಟ: ಒಳಗೆ ಸಾಸಿವೆ ಎಣ್ಣೆ ಕೂಡದು. ಕೆಳಗಿನ ಮನೆಯವರು ಬಾಣಲೆ ಇಟ್ಟರೆ ನಾನು ಕಿಟಕಿ ಮುಚ್ಚುತ್ತಿದ್ದೆ. ಒಗ್ಗರಣೆಗೆ ಊರಿಂದ ತರಿಸಿದ ತೆಂಗಿನೆಣ್ಣೆಯೇ ಆಗಬೇಕು. ಬಡಿಸಿದ್ದರಲ್ಲಿ ಇಂಗು ಹೆಚ್ಚಾಯಿತು, ಮೆಂತೆ ಕರಟಿತು ಎಂದು ದಿನಕ್ಕೊಂದು ಕೊಂಕು ತೆಗೆಯದೆ ಏಳುತ್ತಿರಲಿಲ್ಲ. ಈಗ ಯಾವುದಕ್ಕೂ "ಚೆನ್ನಾಗಿದೆ" ಎನ್ನುತ್ತಿದ್ದೆ.

"ಮೊದ್ಲು ಬೈತಿದ್ರಲ್ಲ, ಅದೇ ವಾಸಿ ಇತ್ತು," ಎಂದಳು ಒಂದು ದಿನ. "ಈಗ ಗೋಡೆಗೆ ಬಡಿಸಿದ ಹಾಗೆ ಆಗ್ತದೆ ನಂಗೆ."

ನನಗೂ ಒಳಗೊಳಗೆ ಹೆದರಿಕೆಯಿತ್ತು. ಇನ್ನು ಸಾಯುವವರೆಗೆ ಹೀಗೆಯೇ ಏನು? ಹೆಂಡತಿ ಮುಡಿದ ಮಲ್ಲಿಗೆ, ಮೊದಲ ಮಳೆ, ಕಾಫಿ, ಎಲ್ಲವೂ ಗಾಜಿನ ಆಚೆಯೇ ಉಳಿದುಬಿಟ್ಟರೆ?

ವಿಚಿತ್ರವೆಂದರೆ ವಿಮಾನದ ಊಟ ಮಾತ್ರ ಮೊದಲಿನ ಹಾಗೆಯೇ ರುಚಿಸುತ್ತಿತ್ತು. ಏಕೆ ಎಂದು ಬಹಳ ಯೋಚಿಸಿದೆ. ಅಷ್ಟು ಮೇಲೆ, ಆ ಒಣ ಗಾಳಿಯಲ್ಲಿ ಎಲ್ಲರ ಮೂಗೂ ಅರ್ಧ ಸತ್ತಿರುತ್ತದಂತೆ. ಅಕ್ಕಪಕ್ಕದವರು "ಏನೂ ರುಚಿಯಿಲ್ಲ" ಎಂದು ಗೊಣಗುತ್ತಿದ್ದರೆ ನನಗೆ ನೆಮ್ಮದಿ. ಬಿಸಿ ಅನ್ನ, ತಣ್ಣನೆಯ ಮೊಸರು, ಕಟುಂ ಎನ್ನುವ ಸೌತೆಕಾಯಿ ಇವಿಷ್ಟನ್ನೇ ಗಮನಿಸಿ ಉಣ್ಣುತ್ತಿದ್ದೆ. ಹಿಂದಿನ ರುಚಿಯ ನೆನಪು ಬಂದು ಅಣಕಿಸುವುದಕ್ಕೆ ಆ ಊಟಕ್ಕೆ ಹಿಂದಿನ ರುಚಿ ಎಂಬುದೇ ಇರಲಿಲ್ಲವಲ್ಲ.

ಇದನ್ನು ಮನೆಯಲ್ಲಿ ಹೇಳಬಾರದಿತ್ತು. ಮರುದಿನ ಹೆಂಡತಿ ಗಡಿಯಾಹಾಟ್‌ ಮಾರುಕಟ್ಟೆಯಿಂದ ಕುಳಿಗಳಿರುವ ಸ್ಟೀಲ್ ತಟ್ಟೆ ತಂದಳು. ಅನ್ನ, ಪಲ್ಯ, ಸಾರು ಒಂದೊಂದು ಕುಳಿಗೆ ಹಾಕಿ, ಮೇಲೆ ಫಾಯಿಲ್ ಮುಚ್ಚಿ ಎದುರಿಗಿಟ್ಟಳು. "ತಗೊಳ್ಳಿ, ವಿಮಾನ ಬಂತು." ಮಗಳು ನಕ್ಕು ನಕ್ಕು ಸುಸ್ತಾದಳು. ಸೆಕ್ಟರ್ ಫೈವ್‌ನ ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಈ ಮಗಳು ಮೊದಲೆಲ್ಲ ರಾತ್ರಿ ಹೊರಗೇ ತಿಂದು ಬರುತ್ತಿದ್ದವಳು, ಈಚೆಗೆ ದಿನವೂ ಮನೆಯಲ್ಲೇ ಉಣ್ಣುತ್ತಿದ್ದಳು. "ಅಪ್ಪಾ, ಸೀರಿಯಸ್ಲಿ, ಅಮ್ಮ ಆಜ್‌ಕಲ್ ಸೂಪರ್ ಮಾಡ್ತಾಳೆ," ಎಂದಳು. ಅಮ್ಮ ಅವಳನ್ನು ಒಮ್ಮೆ ದುರುಗುಟ್ಟಿ ನೋಡಿದಳು. ನನಗೆ ಅರ್ಥವಾಗಲಿಲ್ಲ.

ಆ ಚಳಿಗಾಲದಲ್ಲಿ ಇನ್ನೊಂದು ಸೋಜಿಗ. ಇಲ್ಲಿ ಜನವರಿಯಲ್ಲಿ ತೆಂಗಿನೆಣ್ಣೆ ಬೆಣ್ಣೆಯ ಹಾಗೆ ಗಟ್ಟಿಯಾಗುತ್ತದೆ. ಡಬ್ಬಿಯನ್ನು ಬೆಳಿಗ್ಗೆ ಬಾಲ್ಕನಿಯ ಬಿಸಿಲಿಗೆ ಇಡುವುದು ನನ್ನ ಕೆಲಸ. ಆ ವರ್ಷ ಅವಳು ಒಮ್ಮೆಯೂ ಡಬ್ಬಿ ಕೊಡಲಿಲ್ಲ. ಕೇಳಿದರೆ, "ಈ ಸಲ ಎಣ್ಣೆ ಹೆಪ್ಪುಗಟ್ಟಲೇ ಇಲ್ಲ" ಎಂದಳು. ಭೂಮಿ ಬಿಸಿಯಾಗುತ್ತಿರುವುದಕ್ಕೆ ನಮ್ಮ ಅಡುಗೆಮನೆಯಲ್ಲೇ ಸಾಕ್ಷಿ ಸಿಕ್ಕಿತೆಂದು ಆಫೀಸಿನಲ್ಲಿ ನಾಲ್ಕು ಜನರಿಗೆ ಹೇಳಿಕೊಂಡು ಬಂದೆ.

ಮೂಗಿಗೆ ವ್ಯಾಯಾಮ ಕೊಡಬೇಕೆಂದರು ಡಾಕ್ಟರು. ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ಏಲಕ್ಕಿ ಮೂಸುವುದು; ಮೂಸುವಾಗ ಆ ವಾಸನೆಯ ನೆನಪನ್ನು ಎಳೆದು ತರುವುದು. "ನೆನಪಾಗದಿದ್ದರೆ ಹಳೆಯ ಫೋಟೋ ನೋಡಿ," ಎಂದರು. ಕಪಾಟಿನಲ್ಲಿ ಸೀರೆಗಳ ನಡುವೆ ಇದ್ದ ಆಲ್ಬಮ್‌ಗಳು ಹೊರಗೆ ಬಂದದ್ದು ಹೀಗೆ.

ಡಾರ್ಜಿಲಿಂಗ್, ಪುರಿ, ಮೊದಲ ವಿಮಾನ ಪ್ರಯಾಣದ ಆ ಬನ್ನು. ಒಂದೊಂದು ಫೋಟೋವನ್ನೂ, ನಿನ್ನ ವಾಸನೆ ಏನಿತ್ತು ಎಂದು ಕೇಳುತ್ತ ಕುಳಿತೆ. ಬಣ್ಣ ಉಳಿದಿದೆ, ಗಾಳಿಗೆ ಹಾರಿದ ಸೆರಗು ಉಳಿದಿದೆ, ವಾಸನೆ ಮಾತ್ರ ಯಾವುದರಲ್ಲೂ ಇಲ್ಲ. ಆದರೆ ಹಾಗೆ ಹುಡುಕುವಾಗ ಹಿಂದೆ ನೋಡದ್ದನ್ನು ನೋಡಿದೆ. ದೀಘಾದ ಸಮುದ್ರತೀರದ ಒಂದು ಫೋಟೋ. ಗಾಡಿಯವನು ಮಂಡಕ್ಕಿಗೆ ಹಸಿ ಸಾಸಿವೆ ಎಣ್ಣೆ ಸುರಿದು ಕಲಸಿ ಕೊಟ್ಟದ್ದನ್ನು ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದಾಳೆ. ಅಷ್ಟು ಖುಷಿಯ ಮುಖ ನಮ್ಮ ಮದುವೆಯ ಫೋಟೋದಲ್ಲೂ ಇಲ್ಲ. ತೆಗೆದವನು ನಾನೇ. ಆ ಘಾಟಿಗೆ ಮಾರು ದೂರ ನಿಂತು ತೆಗೆದಿದ್ದೆ.

"ಇಲ್ಲಿ ಹೇಗಿತ್ತು ವಾಸನೆ?" ಎಂದು ಅವಳಿಗೆ ತೋರಿಸಿದೆ.

"ಎಂತ ನೆನಪಿಲ್ಲಪ್ಪ," ಎಂದು ಒಳಗೆ ಹೋದಳು.

ಬೇಸಿಗೆ ಶುರುವಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಎಂದಿನಂತೆ ಆಲ್ಬಮ್ ಬಿಡಿಸಿದೆ, ದೀಘಾದ ಪುಟ. ಬಗ್ಗಿ ಉಸಿರೆಳೆದೆ. ಏನೋ ತಾಗಿತು. ಸಮುದ್ರವಲ್ಲ, ಮಂಡಕ್ಕಿಯಲ್ಲ. ಸೀರೆಗಳ ನಡುವೆ ಇಡುವ ನುಸಿಗುಳಿಗೆಯದ್ದು! ಇನ್ನೊಮ್ಮೆ ಎಳೆದೆ. ಹೌದು, ಇದೆ. ಎದ್ದು ಪೇಪರನ್ನು ಮೂಸಿದೆ, ಸೋಪನ್ನು ಮೂಸಿದೆ, ದೇವರ ಮುಂದಿನ ಊದುಬತ್ತಿಯ ಬೂದಿಯನ್ನೂ ಮೂಸಿದೆ. ತೆಳ್ಳಗೆ, ಎಲ್ಲೋ ದೂರದಿಂದ ಬಂದ ಹಾಗೆ, ಆದರೆ ಎಲ್ಲವೂ ಬರುತ್ತಿತ್ತು. ಇವೆಲ್ಲದರ ಹಿಂದೆ ಇನ್ನೊಂದು ಗಟ್ಟಿ ವಾಸನೆಯಿತ್ತು. ಕೆಳಗಿನ ಮನೆಯದೆಂದು ಕಿಟಕಿ ಮುಚ್ಚಲು ಹೋದೆ. ಕಿಟಕಿ ಮುಚ್ಚಿಯೇ ಇತ್ತು. ವಾಸನೆಯ ಹಿಂದೆ ನಡೆದೆ. ಅದು ನೇರ ನಮ್ಮ ಅಡುಗೆಮನೆಗೆ ಕರೆದುಕೊಂಡು ಹೋಯಿತು.

ಅವಳು ನನಗೆ ಬೆನ್ನು ಮಾಡಿ ಬದನೆಕಾಯಿ ಹೋಳು ಹುರಿಯುತ್ತಿದ್ದಳು. ಪಕ್ಕದಲ್ಲಿ ಊರಿನ ತೆಂಗಿನೆಣ್ಣೆ ಡಬ್ಬಿ.

"ಅದು ಸಾಸಿವೆ ಎಣ್ಣೆ," ಎಂದೆ.

ಸಟ್ಟುಗ ಅಲ್ಲೇ ನಿಂತಿತು. ತಿರುಗಿ ನನ್ನ ಮುಖ ನೋಡಿದಳು. ಸಿಕ್ಕಿಬಿದ್ದವಳ ಮುಖ ಮೊದಲು ಬಂತು. ಮರುಗಳಿಗೆ ಅದು ಹೋಯಿತು.

"ನಿಮಗೆ ಹೇಗೆ ಗೊತ್ತಾಯ್ತು? ವಾಸನೆ... ಬಂತಾ?"

"ಬಂತು."

ಅವಳು ಸ್ಟೂಲಿನ ಮೇಲೆ ಕುಳಿತು ಸೆರಗನ್ನು ಮುಖಕ್ಕೆ ಹಿಡಿದುಕೊಂಡಳು. ಆಮೇಲೆ ಒಂದೊಂದೇ ಹೊರಬಂತು. ನನ್ನ ಮೂಗು ಹೋದ ಮರುತಿಂಗಳಿಂದಲೇ ಶುರುವಂತೆ. ನಾನು ಆಫೀಸಿಗೆ ಹೋದ ಮೇಲೆ, ನನ್ನ ಕಣ್ಣಿಗಾದರೂ ಗೊತ್ತಾಗದಿರಲಿ ಎಂದು, ಎಣ್ಣೆಯನ್ನು ಉರಿಘಾಟು ಹೋಗುವವರೆಗೆ ಕಾಯಿಸಿ, ಆರಿಸಿ, ಈ ಡಬ್ಬಿಗೆ ತುಂಬಿಡುತ್ತಿದ್ದಳಂತೆ. "ಹೇಗೂ ನಿಮಗೆ ಗೊತ್ತಾಗ್ತಿರ್ಲಿಲ್ಲ. ನಾನೊಂದು ಸಲ ನನ್ನಿಷ್ಟದ ಹಾಗೆ ಮಾಡಿ ನೋಡುವ ಅಂತ..." ಎಂದವಳು ಎದ್ದು, ಮೇಲಿನ ಅಟ್ಟಕ್ಕೆ ಕೈ ಚಾಚಿದಳು. "ತೆಂಗಿನೆಣ್ಣೆ ಹೊಸ ಡಬ್ಬಿ ಉಂಟು. ನಾಳೆಯಿಂದ ಅದ್ರಲ್ಲೇ ಮಾಡ್ತೇನೆ ಬಿಡಿ." ನಗುತ್ತಲೇ ಹೇಳಿದಳು. ಆದರೆ ದೀಘಾದ ಆ ಮುಖವನ್ನು ನಾನು ಈಚೆಗಷ್ಟೇ ಬಹಳ ಹೊತ್ತು ನೋಡಿದ್ದೆ. ಅದು ಈ ನಗುವಲ್ಲ.

ನಿಜ ಹೇಳಬೇಕೆಂದರೆ ಆ ವಾಸನೆ ನನಗೆ ಮೊದಲಿನಷ್ಟೇ ಕೆಟ್ಟದಾಗಿತ್ತು. ಆದರೆ ಇತ್ತು.

"ಡಬ್ಬಿ ಅಲ್ಲೇ ಇರಲಿ, ಇಳಿಸಬೇಡ," ಎಂದೆ.

ಅವಳು ನಂಬದೆ ನೋಡುತ್ತ ನಿಂತಳು. ನಾನು ಕುಳಿಗಳ ತಟ್ಟೆ ತೆಗೆದುಕೊಂಡು ಅವಳು ಬಿಟ್ಟ ಸ್ಟೂಲಿನ ಮೇಲೆ ಕುಳಿತೆ.

"ಬದನೆಕಾಯಿ ಒಂದು ಬದಿ ಸೀಯ್ತಾ ಉಂಟು ಮಾರಾಯ್ತಿ. ವಾಸನೆ ಬರ್ತಾ ಉಂಟು."

"ಬರ್ಲಿ ಮಾರಾಯ್ರೆ, ಬರ್ಲಿ," ಎಂದು ಮೂಗು ಒರೆಸಿಕೊಂಡು ಅವಳು ಹೋಳುಗಳನ್ನು ಮಗುಚಿ ಹಾಕಿದಳು.