ಬೀಗರಿಗೆ ಊರು ತೋರಿಸಿದ ಅತ್ತೆ

ಒಂದೇ ಚಿತ್ರಮಂದಿರದ ಟಿಕೆಟ್ ಕಿಂಡಿಯ ಹಿಂದೆ ಅರ್ಧ ಆಯಸ್ಸು ಕಳೆದವಳಿಗೆ ಬಳಗದಲ್ಲೆಲ್ಲ ‘ಕೌಂಟರ್ ಅತ್ತೆ’ ಎಂದೇ ಹೆಸರು. ಆ ಕಿಂಡಿ ಎಷ್ಟು ಸಣ್ಣದೆಂದರೆ ಜನರ ಮುಖ ಕಾಣುತ್ತಿರಲಿಲ್ಲ, ಕೈ ಮಾತ್ರ. ಬೆರಳಿನ ಶಾಯಿ ನೋಡಿಯೇ ಕ್ಲಾಸಿಗೆ ಚಕ್ಕರ್ ಹೊಡೆದು ಬಂದವರನ್ನು ಹಿಡಿದುಬಿಡುತ್ತಿದ್ದಳು. ಚಿತ್ರಮಂದಿರ ಮುಚ್ಚಿದ ಮೇಲೆ ಅಣ್ಣನ ಮನೆಯ ಹಿಂದಿನ ಕೋಣೆ ಅವಳದಾಯಿತು. ಕೂತಲ್ಲಿ ಕೂರುವ ಜೀವವಲ್ಲ. ಅಡುಗೆಮನೆಯ ಡಬ್ಬಿಗಳನ್ನು ಉಜ್ಜಿದ್ದೇ ಉಜ್ಜಿದ್ದು. “ಇನ್ನು ಸ್ವಲ್ಪ ದಿನ ಬಿಟ್ರೆ ಡಬ್ಬಿ ತೂತಾಗತ್ತೆ ಕಣೇ” ಎಂದು ಅತ್ತಿಗೆ ನಗುತ್ತಿದ್ದಳು.

ಅಣ್ಣನ ಮಗಳ ಮದುವೆ ಬಂತು. ಗಂಡಿನ ಕಡೆಯವರು ಹೇಳಿದ್ದಕ್ಕಿಂತ ಒಂದು ದಿನ ಮೊದಲೇ ರೈಲಿಳಿದುಬಿಟ್ಟರು. ಮದುವೆ ಮಂಟಪದ ಕೋಣೆಗಳು ಸಂಜೆಯ ತನಕ ಸಿಗುವಂತಿರಲಿಲ್ಲ, ಮನೆಯಲ್ಲಿದ್ದದ್ದು ಒಂದೇ ಬಚ್ಚಲು. ಅದರ ಮುಂದೆ ಟವೆಲ್ ಹೊತ್ತ ಬೀಗರ ಸಾಲು.

ಅಣ್ಣ ತಂಗಿಯನ್ನು ಮೂಲೆಗೆ ಕರೆದ. “ಏನಾದ್ರೂ ಮಾಡು, ಇವರಿಗೆಲ್ಲ ಊರು ತೋರ್ಸು. ಸಂಜೆವರೆಗೂ ಮನೆ ಕಡೆ ಮಾತ್ರ ಕರ್ಕೊಂಡು ಬರ್ಬೇಡ.”

“ಅಣ್ಣಾ, ನಾನೇ ಊರು ನೋಡಿಲ್ಲ. ಮನೆ ಬಿಟ್ರೆ ಕೌಂಟರ್, ಕೌಂಟರ್ ಬಿಟ್ರೆ ಮನೆ.”

“ಅವರೂ ನೋಡಿಲ್ಲ. ಸರಿಹೋಯ್ತಲ್ಲ!”

ಮಿನಿ ಬಸ್ಸು ಹೊರಟಿತು. ವಸ್ತುಸಂಗ್ರಹಾಲಯಕ್ಕೆ ಅಂದು ವಾರದ ರಜೆ. ಗಡಿಯಾರದ ಗೋಪುರಕ್ಕೆ ಹೋದರೆ ದುರಸ್ತಿ ನಡೆಯುತ್ತಿತ್ತು; ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. ಮುಂದಿನ ಸೀಟಿನಲ್ಲಿ ಕೂತಿದ್ದವರು ಮದುಮಗನ ದೊಡ್ಡಮ್ಮ. ಅವರು ಕೆಮ್ಮಿದರೂ ಗಂಡಿನ ಕಡೆಯವರೆಲ್ಲ ಎದ್ದು ನಿಲ್ಲುತ್ತಿದ್ದರು.

“ಏನ್ರೀ ಬೀಗಿತ್ತೀ,” ಎಂದರು ದೊಡ್ಡಮ್ಮ, “ಬೀಗರು ಬರ್ತಾರೇಂತ ಊರಿಗೆಲ್ಲ ಬೀಗ ಹಾಕ್ಸಿದೀರಾ?”

ಬಸ್ಸೆಲ್ಲ ಗೊಳ್ಳೆಂದಿತು. ಅತ್ತೆಯ ಮುಖ ಬಾಡಿದ ಬದನೆಕಾಯಿಯಾಯಿತು. ಆದರೆ ರೋಷ ನಾಲಿಗೆಗೆ ಏರಿತು. “ಬನ್ನಿ ಅಮ್ಮಾ, ಹಾಕಿರೋ ಬೀಗಾನೇ ತೆಗೆಸಿ ತೋರಿಸ್ತೀನಿ” ಎಂದವಳೇ ಡ್ರೈವರಿಗೆ ತನ್ನ ಹಳೆಯ ಚಿತ್ರಮಂದಿರದ ದಾರಿ ಹೇಳಿದಳು. ಅದು ಮುಚ್ಚಿದಂದಿನಿಂದ ಆ ಬೀದಿಗೇ ಕಾಲಿಟ್ಟಿರಲಿಲ್ಲ. ಸುತ್ತುಬಳಸಾದರೂ ಸರಿ, ಬೇರೆ ದಾರಿ ಹಿಡಿಯುತ್ತಿದ್ದಳು.

ಅಲ್ಲಿ ಕಾವಲಿಗಿದ್ದವನು ಹಿಂದೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದವನೇ. “ಅಕ್ಕಾ! ಈಗ ನೆನಪಾಯ್ತಾ ನಮ್ಮದು?” ಎನ್ನುತ್ತ ಬೀಗ ತೆಗೆದ. ಒಳಗೆ ಧೂಳು, ಹರಿದ ಸೀಟುಗಳು, ಮೇಲಿನ ಕಿಟಕಿಯಿಂದ ಕೋಲಿನಂತೆ ಇಳಿದ ಬಿಸಿಲು. ಬೀಗರು ಸೀನುತ್ತ ನುಗ್ಗಿದರು. ಅತ್ತೆ ಶುರುಮಾಡಿದಳು: ಯಾವ ಸಾಲಿನಲ್ಲಿ ಗಂಡ ಹೆಂಡಿರ ಜಗಳ ನಡೆಯುತ್ತಿತ್ತು, ಬೆಳಗಿನ ಆಟಕ್ಕೆ ಬಂದು ನಿದ್ದೆಹೋದವನು ಎಚ್ಚರಾಗಿ “ಇದೇನು, ಕಥೆಯೇ ಬೇರೆ” ಎಂದು ರಾತ್ರಿ ಆಟದಲ್ಲಿ ತಕರಾರು ತೆಗೆದದ್ದು. ಜನ ಹೊಟ್ಟೆ ಹಿಡಿದು ನಕ್ಕರು. ಮಾತಾಡುತ್ತಲೇ ಅತ್ತೆ ಒಂದೊಂದೇ ಮುಖ ನೋಡಿದಳು. ಈ ಕಟ್ಟಡದಲ್ಲಿ ಇಷ್ಟು ಮುಖಗಳನ್ನು ಅವಳು ನೋಡಿದ್ದು ಅದೇ ಮೊದಲು.

“ಬಾಲ್ಕನಿ ಎಲ್ಲಿ?” ಎಂದರು ದೊಡ್ಡಮ್ಮ. ಮಂಡಿ ಹಿಡಿದುಕೊಂಡು ಹತ್ತಿಯೇಬಿಟ್ಟರು. “ನಮ್ಮತ್ತೆ ಸಿನಿಮಾಕ್ಕೆ ಕಳಿಸ್ಲೇ ಇಲ್ಲ ಕಣ್ರೀ. ಅವರು ಹೋದ್ಮೇಲೆ ನನಗೇ ಬಿಡುವಾಗ್ಲಿಲ್ಲ. ಇದೇ ಮೊದಲು.” ಅತ್ತೆ ತನ್ನ ಸೆರಗಿನಿಂದ ಮುಂದಿನ ಸಾಲಿನ ಸೀಟು ಒರೆಸಿ ಕೂರಿಸಿದಳು.

ಅಷ್ಟರಲ್ಲಿ, ಬೆಳಗಿನಿಂದ ತುಟಿ ಬಿಚ್ಚದಿದ್ದ ಮದುಮಗನ ಚಿಕ್ಕಪ್ಪ ಪರದೆಯಿಲ್ಲದ ವೇದಿಕೆ ಹತ್ತಿದ. ನಾಯಕನೂ ತಾನೇ, ಖಳನಾಯಕನೂ ತಾನೇ ಆಗಿ ಹೊಡೆದಾಟ ಶುರುಮಾಡಿ, ತನ್ನ ಗುದ್ದಿಗೆ ತಾನೇ ಉರುಳಿಬಿದ್ದ. ಬಾಲ್ಕನಿಯಿಂದ ಕಿವಿ ಕಿತ್ತುಹೋಗುವ ಹಾಗೆ ಶಿಳ್ಳೆ ಬಂತು. ಎಲ್ಲರೂ ಕತ್ತೆತ್ತಿದರು. ದೊಡ್ಡಮ್ಮನ ಬೆರಳೆರಡು ಇನ್ನೂ ಬಾಯಲ್ಲೇ ಇದ್ದವು.

ಕತ್ತಲಾದ ಮೇಲೆ ಮಂಟಪ ಸೇರಿದರು. ಬಾಗಿಲಲ್ಲಿ ಸಂಜೆಯಿಂದ ಕಾದ ಅಣ್ಣ ಉರಿಯುತ್ತ ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ದೊಡ್ಡಮ್ಮ ಹೇಳಿದರು: “ರೀ ಬೀಗರೇ, ಮದುವೆ ಮುಗಿದ್ಮೇಲೆ ನಿಮ್ಮ ತಂಗೀನ ಇನ್ನೊಂದಿನ ನಮ್ಮ ಜೊತೆ ಕಳ್ಸಿ. ಹೆಣ್ಣನ್ನ ಬೇಕಾದ್ರೆ ನಿಧಾನಕ್ಕೆ ಕಳ್ಸೋರಂತೆ.”

ಈ ಮಾತು ಮಂಟಪದ ಮ್ಯಾನೇಜರನ ಕಿವಿಗೂ ಬಿತ್ತು. ಮುಂದಿನ ಮದುವೆಯವರು ತಮ್ಮ ಬೀಗರಿಗೆ ಊರು ತೋರಿಸಲು ಅವಳನ್ನು ಕೇಳಿಕೊಂಡು ಬಂದರು, ಅವರ ಹಿಂದೆ ಇನ್ನೊಬ್ಬರು. ಈಗ ಅತ್ತೆಗೆ ಯಾವುದಕ್ಕೆ ಯಾವ ದಿನ ರಜೆ ಎಂಬುದು ಬಾಯಿಪಾಠ. ಗೋಪುರವನ್ನೂ ಹತ್ತಿ ನೋಡಿದ್ದಾಳೆ. ಡಬ್ಬಿಗಳಿಗೂ ಬಿಡುವು ಸಿಕ್ಕಿದೆ.

ಮರುವರ್ಷ ದೊಡ್ಡಮ್ಮನ ಕಿರಿಮಗನ ಮದುವೆ. “ಈ ಸಲ ನೀವು ಸುಮ್ನೆ ಕೂತ್ಕೊಳಿ. ಊರು ತೋರ್ಸೋದು ನಾನು” ಎಂದು ಫೋನಿನಲ್ಲೇ ಕಟ್ಟಪ್ಪಣೆ. ಹಾಗೆಯೇ ದೊಡ್ಡಮ್ಮ ತಮ್ಮೂರ ಕೆರೆಯ ದೋಣಿಯಲ್ಲಿ ಅತ್ತೆಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಿತ್ತಳೆ ಸುಲಿದು ಕೊಡುತ್ತ, ಆ ಕೆರೆ ಕಟ್ಟಿಸಿದ ರಾಜನ ಕಥೆ ಹೇಳತೊಡಗಿದರು. ರಾಜನಿಗೆ ಒಂದು ಸಲ ಇಬ್ಬರು ರಾಣಿಯರಾದರು, ಒಂದು ಸಲ ಮೂವರು. ಅರ್ಧ ಕಥೆ ಅಲ್ಲೇ ಹುಟ್ಟುತ್ತಿದೆಯೆಂದು ಅತ್ತೆಗೆ ತಿಳಿಯದೇ ಇರಲಿಲ್ಲ. ಆದರೂ ಗಲ್ಲಕ್ಕೆ ಕೈ ಕೊಟ್ಟು, “ಹೌದಾ ಅಮ್ಮಾ? ಆಮೇಲೆ?” ಎನ್ನುತ್ತ ಕೂತಳು.