ಲಿಫ್ಟಪ್ಪನ ಬಿಟ್ಟಿ ಭಾನುವಾರ

ಹೆತ್ತವರು ಇಟ್ಟ ಹೆಸರು ಕಂಪನಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬೀದಿಗೆಲ್ಲ ಅವನು ಲಿಫ್ಟಪ್ಪ. ಇಪ್ಪತ್ತೆರಡು ವರ್ಷ ಲಿಫ್ಟು ರಿಪೇರಿ ಮಾಡಿದವನು. ಆ ಊರಿನಲ್ಲಿ ಅವನಷ್ಟು ಸಲ ಮೇಲಕ್ಕೆ ಹೋದವರಿರಲಿಲ್ಲ, ಅವನಷ್ಟು ಸಲ ಇದ್ದಲ್ಲಿಗೇ ಇಳಿದವರೂ ಇರಲಿಲ್ಲ. ಹತ್ತಿದ ಮಹಡಿಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿದ್ದರೆ ಚಂದ್ರನನ್ನು ಮುಟ್ಟಿ, ಅದಕ್ಕೂ ಒಂದಿಷ್ಟು ಗ್ರೀಸು ಹಚ್ಚಿ ಊಟದ ಹೊತ್ತಿಗೆ ವಾಪಸು ಬರಬಹುದಿತ್ತು ಎಂಬುದು ಅವನದೇ ಲೆಕ್ಕಾಚಾರ.

ಅವನಿಗೊಂದು ಸಿದ್ಧಾಂತವಿತ್ತು. "ದುಡ್ಡು ಕೊಟ್ಟು ಮಕ್ಕಳನ್ನ ನಗಿಸೋದು ಯಾರ ಕೈಲಾದ್ರೂ ಆಗುತ್ತೆ. ಬಿಟ್ಟಿ ನಗಿಸೋನೇ ಅಪ್ಪ" ಎನ್ನುತ್ತಿದ್ದ. ಈ ಸಿದ್ಧಾಂತದ ಪೆಟ್ಟು ಮೊದಲು ಬಿದ್ದದ್ದು ಮೂಲೆಯ ಪೀಠೋಪಕರಣದ ಅಂಗಡಿಗೆ. ನಾಲ್ಕು ತಿಂಗಳು, ಪ್ರತಿ ಭಾನುವಾರ, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಎಲ್ಲ ಸೋಫಾಗಳ ಮೇಲೂ ಕುಳಿತೆದ್ದು ಬರುತ್ತಿದ್ದ. ಅಂಗಡಿಯವನು ಮೊದಮೊದಲು ನೀರು ಕೊಟ್ಟ, ಆಮೇಲೆ ಬರಿಯ ನಗು ಕೊಟ್ಟ, ಕೊನೆಗೆ ಅದನ್ನೂ ನಿಲ್ಲಿಸಿದ. ಮಗ ಪುಟ್ಟನು ಪ್ರದರ್ಶನಕ್ಕಿಟ್ಟ ಮಂಚದ ಮೇಲೆ ಗೊರಕೆ ಹೊಡೆದು, ದಿಂಬಿನ ಮೇಲೆ ಜೊಲ್ಲಿನಲ್ಲೊಂದು ಭೂಪಟ ಬರೆದ ಮೇಲಂತೂ, ಈ ಸಂಸಾರ ಬೀದಿಯ ತಿರುವಿನಲ್ಲಿ ಕಂಡರೆ ಸಾಕು, ಅಂಗಡಿಯ ಅಷ್ಟೂ ಮಂಚಗಳಿಗೆ 'ಮಾರಾಟವಾಗಿದೆ' ಎಂಬ ಚೀಟಿ ಬೀಳುತ್ತಿತ್ತು.

ಆಮೇಲೆ ಬಂದದ್ದು ಗುಂಡಿ ನೋಡುವ ಪ್ರವಾಸ. ರಸ್ತೆ ಅಗೆಯುವ ಯಂತ್ರದ ಎದುರು ಚಾಪೆ ಹಾಸಿ, ಬಾಳೆಹಣ್ಣು ಹಂಚಿ, "ನೋಡ್ರೋ, ಈಗ ಪೈಪು ಸಿಗುತ್ತೆ" ಎಂದು ವರ್ಣನೆ ಕೊಡುತ್ತಿದ್ದ. ಆರನೇ ವಾರ ಮೇಸ್ತ್ರಿ ಬಂದು ಇವರ ಹಾಜರಿಯನ್ನೂ ತೆಗೆದುಕೊಂಡು ಹೋದ.

ಇಷ್ಟಾದ ಮೇಲೆ ಲಿಫ್ಟಪ್ಪನ ತಲೆಯಲ್ಲಿ ಹುಟ್ಟಿದ್ದು ಲಿಫ್ಟ್ ತಾತ.

ಎಂಟು ಮಹಡಿಯ ಕಚೇರಿ ಕಟ್ಟಡವೊಂದರ ಲಿಫ್ಟು ಅವನ ಉಸ್ತುವಾರಿಯಲ್ಲಿತ್ತು. ಭಾನುವಾರ ಅಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ, ಬೀಗದ ಕೈ ಇವನ ಸೊಂಟದಲ್ಲೇ ಇರುತ್ತಿತ್ತು. ಹೆಂಡತಿ ಮಕ್ಕಳನ್ನು ಕೆಳಗೆ ನಿಲ್ಲಿಸಿ, "ಮೇಲೆ ಎಣ್ಣೆ ಬಿಟ್ಟು ಬರ್ತೀನಿ, ಹತ್ತು ನಿಮಿಷ ಬಿಟ್ಟು ನೀವು ಲಿಫ್ಟಲ್ಲಿ ಬನ್ನಿ" ಎಂದು ಮೆಟ್ಟಿಲು ಹತ್ತಿ ಹೋಗುತ್ತಿದ್ದ. ಲಿಫ್ಟು ಐದು ಮತ್ತು ಆರನೇ ಮಹಡಿಯ ನಡುವೆ ಬಂದಾಗ ಮೇಲಿನ ಯಂತ್ರದ ಕೋಣೆಯಿಂದ ಅದನ್ನು ನಿಲ್ಲಿಸಿ, ಲಿಫ್ಟಿನೊಳಗಿನವರ ಜೊತೆ ಮಾತಾಡಲು ಅಲ್ಲಿಟ್ಟಿದ್ದ ಫೋನು ಎತ್ತಿ, ಮುದುಕನ ದನಿಯಲ್ಲಿ "ಯಾರದು ನನ್ನ ಹೊಟ್ಟೆಯೊಳಗೆ?" ಎಂದು ಗುಡುಗುತ್ತಿದ್ದ. ಮಕ್ಕಳು ಕಿರುಚುತ್ತಿದ್ದವು. ತಾತ ಮೂರು ಪ್ರಶ್ನೆ ಕೇಳಿ, ಉತ್ತರ ಪಡೆದು, ಲಿಫ್ಟು ಬಿಡುತ್ತಿದ್ದ. ಆಮೇಲೆ ತಾರಸಿಯಲ್ಲಿ ಬಾಳೆಹಣ್ಣು. ಹೆಂಡತಿ ಮಾತ್ರ ಲಿಫ್ಟಿನ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಎರಡು ವರ್ಷ ಆ ಮನೆಯವರು ತಿಂದ ಬಟಾಣಿಯೆಲ್ಲ ಐದು ಮತ್ತು ಆರನೇ ಮಹಡಿಯ ನಡುವೆ ಸುಲಿದದ್ದೇ.

ಮಕ್ಕಳ ಆ ಕಿರುಚಾಟ ಲಿಫ್ಟಪ್ಪನಿಗೆ ವಾರವಿಡೀ ಸಾಲುತ್ತಿತ್ತು. ಕೆಲಸದಲ್ಲಿ ಸೂಪರ್‌ವೈಸರು ಬೈದರೂ, ನನ್ನಂಥ ಅಪ್ಪ ಇನ್ನೊಬ್ಬನಿಲ್ಲ ಎಂದುಕೊಂಡು ಒಳಗೊಳಗೇ ಉಬ್ಬುತ್ತಿದ್ದ.

ಆ ಉಬ್ಬಿಗೆ ಸೂಜಿ ಚುಚ್ಚಲು ಬಂದವನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಟೈರಿನ ವ್ಯಾಪಾರಿ. ಮಾರಾಟವಾಗದೆ ಉಳಿದದ್ದನ್ನೆಲ್ಲ ಸೊಂಟಕ್ಕೇ ಸುತ್ತಿಕೊಂಡಿದ್ದಾನೇನೋ ಎನ್ನುವ ಮೈಕಟ್ಟು. ತಿಂಗಳಿಗೊಮ್ಮೆ ಮಗನನ್ನು ಊರ ಹೊರಗಿನ ದೊಡ್ಡ ಆಟದ ಉದ್ಯಾನಕ್ಕೆ ಕರೆದೊಯ್ಯುವುದು, ಉಳಿದ ಇಪ್ಪತ್ತೊಂಬತ್ತು ದಿನ ಅದನ್ನೇ ಹೇಳುವುದು ಅವನ ರೂಢಿ. ಒಂದು ಶನಿವಾರ ಬಂದವನು ಕುರ್ಚಿಯನ್ನು ನರಳಿಸುತ್ತ ಕುಳಿತು, "ಮಕ್ಕಳನ್ನ ನಾಳೆ ನಮ್ಮ ಜೊತೆ ಕಳಿಸೋ. ರಾಕ್ಷಸ ತೊಟ್ಟಿಲು ಇದೆಯಲ್ಲ, ಮೇಲೆ ಹೋದ್ರೆ ಮೋಡ ಕೈಗೆ ಸಿಗುತ್ತೆ. ಒಂದ್ಸಲ ಆದ್ರೂ ನಿಜವಾದ ಆಟ ನೋಡ್ಲಿ ಪಾಪ" ಎಂದ.

"ನಮ್ಮ ಮಕ್ಕಳಿಗೆ ಆಟಕ್ಕೇನು ಬರ ಇಲ್ಲ" ಎಂದ ಲಿಫ್ಟಪ್ಪ.

"ಹೌದಪ್ಪ, ಗುಂಡಿ ಇದೆ, ಮಂಚ ಇದೆ" ಎಂದು ಷಡ್ಡಕ ಕುಲುಕಿ ಕುಲುಕಿ ನಕ್ಕ.

ಆ ನಗುವನ್ನು ಲಿಫ್ಟಪ್ಪ ನುಂಗಿಕೊಳ್ಳುತ್ತಿದ್ದನೋ ಏನೋ. ಆದರೆ ತೊಟ್ಟಿಲೆಂದ ಕೂಡಲೇ ಏಳು ವರ್ಷದ ಮಗಳ ಕಣ್ಣು ಬಲ್ಬಿನಂತೆ ಹೊತ್ತಿದ್ದನ್ನು ಅವನು ಕಂಡಿದ್ದ. ಒಮ್ಮೆ ಆ ತೊಟ್ಟಿಲು ಹತ್ತಿದ ಮಕ್ಕಳು ಮತ್ತೆ ತಾತನ ಹೊಟ್ಟೆಯೊಳಗೆ ಬಂದಾವೇ? "ನಾಳೆ ನೀವೆಲ್ಲ ನಮ್ಮ ಜೊತೆ ಬನ್ನಿ. ನೋಡಿದ ಮೇಲೆ ಮಕ್ಕಳೇ ಹೇಳಲಿ, ಮುಂದಿನ ಭಾನುವಾರ ಎಲ್ಲಿಗೆ ಅಂತ" ಎಂದುಬಿಟ್ಟ.

ಮರುದಿನ ಲಿಫ್ಟಿನೊಳಗೆ ಆರು ಜನ: ಹೆಂಡತಿ ಮತ್ತು ಬಟಾಣಿ, ಮಗಳು, ಪುಟ್ಟ, ಷಡ್ಡಕ, ಅವನ ಹೆಂಡತಿ, ಅವರ ಎಂಟು ವರ್ಷದ ಮಗ. ಲಿಫ್ಟಪ್ಪ ಯಂತ್ರದ ಕೋಣೆಯಲ್ಲಿ ಕಾದಿದ್ದು, ಸರಿಯಾದ ಜಾಗದಲ್ಲಿ ಲಿಫ್ಟು ನಿಲ್ಲಿಸಿ, ಫೋನು ಎತ್ತಿದ. ಪ್ರತಿ ವಾರ ಎತ್ತಿದ ತಕ್ಷಣ ಗುಡುಗುವವನು ಅಂದು ಸುಮ್ಮನಿದ್ದ. ಷಡ್ಡಕ ನಡುಗುವುದನ್ನು ಮೊದಲು ಕಿವಿತುಂಬ ಕೇಳಿಬಿಡಬೇಕೆಂಬ ಆಸೆ. ಅವನು ಮಾಡಿದ ತಪ್ಪು ಅದೊಂದೇ.

"ಯಾಕೆ ನಿಂತ್ಕೊಳ್ತು?" ಷಡ್ಡಕನ ದನಿ. "ಗಾಳಿ ಬರ್ತಿಲ್ಲ. ನಿಂಗೆ ಬರ್ತಿದೆಯಾ?"

"ಎಲ್ಲಾನೂ ನೀವೇ ಎಳ್ಕೊಂಡ್ರೆ ನಮಗೆಲ್ಲಿ ಬರುತ್ತೆ" ಎಂದಳು ಅವನ ಹೆಂಡತಿ.

ಮೇಲೆ ಲಿಫ್ಟಪ್ಪ ನಗು ತಡೆಯಲು ಎಣ್ಣೆ ಒರೆಸುವ ಬಟ್ಟೆ ಕಚ್ಚಿಕೊಂಡ. ಅಷ್ಟರಲ್ಲಿ ಮಗಳ ದನಿ ಬಂತು, ನರ್ಸು ಸೂಜಿ ಹಾಕುವ ಮುಂಚೆ ಮಾತಾಡುವ ಹಾಗೆ.

"ಹೆದರ್ಕೋಬೇಡಿ ದೊಡ್ಡಪ್ಪ. ಕೆಳಗೆ ಕೂತ್ಕೊಳ್ಳಿ. ಈಗ ಲಿಫ್ಟ್ ತಾತ ಬರ್ತಾರೆ. ಅಂದ್ರೆ ನಮ್ಮಪ್ಪ."

ಬಟ್ಟೆ ಬಾಯಿಯಿಂದ ಜಾರಿತು.

"ಮೇಲೆ ಕೂತು ಗಂಟಲು ದಪ್ಪ ಮಾಡ್ಕೊಂಡು ಮಾತಾಡ್ತಾರೆ. ನಾವು ಜೋರಾಗಿ ಕಿರುಚಬೇಕು. ಮೆಲ್ಲಗೆ ಕಿರುಚಿದ್ರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ. ಒಂದ್ಸಲ ಪುಟ್ಟನಿಗೆ ಕೆಮ್ಮಿತ್ತು, ಸರಿಯಾಗಿ ಕಿರುಚಲಿಲ್ಲ. ಆವತ್ತು ಊಟ ಮಾಡಿದ್ದು ಮೂರು ಗಂಟೆಗೆ."

"ಅಪ್ಪ ಅಂತ ಹೇಗೆ ಗೊತ್ತಾಯ್ತೇ?" ಎಂದಳು ದೊಡ್ಡಮ್ಮ.

"ಅಪ್ಪನ ಹಾಗೇ ತಾತನಿಗೂ ಮಾತಿನ ಮಧ್ಯೆ ಮೂರು ಸೀನು ಬರುತ್ತಲ್ಲ. ಮೊದಲನೇ ದಿನಾನೇ ಗೊತ್ತಾಯ್ತು. ಅಪ್ಪನಿಗೆ ಹೇಳ್ಬೇಡಿ, ಪಾಪ ಬೇಜಾರಾಗುತ್ತೆ ಅಂದ್ಲು ಅಮ್ಮ."

ಒಂದು ಬಟಾಣಿ ಕೋಡು ಪಟ್ಟೆಂದು ಒಡೆಯಿತು.

ಷಡ್ಡಕನಿಗೆ ಗಾಳಿ ತಾನಾಗಿಯೇ ಬಂದುಬಿಟ್ಟಿತು. "ಇದಕ್ಕೇ ನಾನು ಬಡ್ಕೊಳ್ಳೋದು, ತೊಟ್ಟಿಲಿಗೆ ಬನ್ನಿ ಅಂತ" ಎಂದು ಗಹಗಹಿಸಿದ.

"ಅಲ್ಲೂ ಹಿಂಗೇನೇ ಕಣೇ" ಎಂದ ಅವನ ಮಗ. "ಅಪ್ಪ ತೊಟ್ಟಿಲು ಹತ್ತೋದೇ ಇಲ್ಲ. ಕೆಳಗೆ ಬೆಂಚಲ್ಲಿ ಚಪ್ಪಲಿ ಕಾಯ್ಕೊಂಡು ಕೂತಿರ್ತಾರೆ. ನಾನು ಮೇಲಿಂದ ಕೈ ಬೀಸ್ತಾನೇ ಇರ್ಬೇಕು. ಬೀಸದಿದ್ರೆ ಟಿಕೆಟ್ ದಂಡ ಅಂತಾರೆ. ಮೋಡ ಎಲ್ಲಿದೆ ಅಂತ ನಾನು ಇವತ್ತಿನವರೆಗೂ ನೋಡಿಲ್ಲ."

ಗಹಗಹ ಅರ್ಧಕ್ಕೇ ನಿಂತಿತು.

"ನಮ್ಮನೇಲಿ ಕಿರುಚೋದು, ನಿಮ್ಮನೇಲಿ ಬೀಸೋದು" ಎಂದು ಮಗಳು ತೀರ್ಪು ಕೊಟ್ಟಳು.

ಲಿಫ್ಟಪ್ಪ ಫೋನು ಹಿಡಿದುಕೊಂಡು ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡವನಂತೆ ನಿಂತ. ತಾತ ಮಾತಾಡದೆ ಲಿಫ್ಟು ಬಿಟ್ಟರೆ ಕೇಳಿಸಿಕೊಂಡದ್ದು ಗೊತ್ತಾಗುತ್ತದೆ. ಮಾತಾಡಿದರೆ ಎರಡು ವರ್ಷದ ನಾಚಿಕೆಗೆ ಇನ್ನೊಂದು ವಾರದ ಬಡ್ಡಿ. ಕೊನೆಗೆ, ದೀಪದ ಎಣ್ಣೆ ತೀರಿದ ಹಾಗೆ, "ಯಾರದು ನನ್ನ ಹೊಟ್ಟೆಯೊಳಗೆ" ಎಂದ.

ಕೆಳಗಿನಿಂದ ಎದ್ದ ಕಿರುಚಾಟಕ್ಕೆ ತಾರಸಿಯ ಪಾರಿವಾಳಗಳು ಹಾರಿ ಪಕ್ಕದೂರಿಗೆ ಹೋದವು, ಮಂಗಳವಾರದ ತನಕ ವಾಪಸು ಬರಲಿಲ್ಲ. ಅಷ್ಟೂ ದನಿಗಳಲ್ಲಿ ನಿಜವಾದದ್ದು ಒಂದೇ, ಗೊತ್ತಿದ್ದೂ ಬೆಚ್ಚಿಬಿದ್ದ ಷಡ್ಡಕನದು. ಲಿಫ್ಟಪ್ಪನಿಗೆ ಸೀನು ಬಂತು. ಒಂದು, ಎರಡು, ಮೂರು. ಮೂರನೆಯದಕ್ಕೆ ಯಾರೋ ಕಿಸಕ್ಕೆಂದರು. ಪ್ರಶ್ನೆ ಕೇಳದೆಯೇ ಲಿಫ್ಟು ಬಿಟ್ಟ.

"ಅಪ್ಪ, ಇವತ್ತೂ ತಾತ ಬಂದಿದ್ರು" ಎಂದಳು ಮಗಳು ತಾರಸಿಯಲ್ಲಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ.

"ಹೌದಾ? ಏನಂದ್ರು?"

"ಯಾಕೋ ಹುಷಾರಿಲ್ಲ ಅನ್ಸುತ್ತೆ. ದನಿ ಸಣ್ಣಗಿತ್ತು."

ಲಿಫ್ಟಪ್ಪ ಬಾಳೆಹಣ್ಣು ಸುಲಿದು, ಸಿಪ್ಪೆಯನ್ನು ಕೈಯಲ್ಲಿಟ್ಟುಕೊಂಡು ಹಣ್ಣನ್ನು ಕಸದ ಚೀಲಕ್ಕೆ ಹಾಕಿದ. "ವಯಸ್ಸಾಯ್ತಲ್ಲಮ್ಮ. ರಿಟೈರ್ ಆಗ್ತಾರಂತೆ."

"ಇವತ್ತೇನಾ?" ಎಂದ ಪುಟ್ಟ. ನಾಲ್ಕು ವರ್ಷದ ಆ ಮುಖದಲ್ಲಿ ಅಷ್ಟೊಂದು ಆಸೆಯನ್ನು ಲಿಫ್ಟಪ್ಪ ಹಿಂದೆಂದೂ ಕಂಡಿರಲಿಲ್ಲ.

ಒಪ್ಪಂದದ ಪ್ರಕಾರ ಮಕ್ಕಳನ್ನು ಕೇಳಬೇಕಾಯಿತು. ಕೇಳುವ ಉತ್ಸಾಹ ಇಬ್ಬರು ಅಪ್ಪಂದಿರಿಗೂ ಇರಲಿಲ್ಲ, ಹೆಂಗಸರೇ ಕೇಳಿದರು. "ಮುಂದಿನ ಭಾನುವಾರ ಎಲ್ಲಿಗೆ?"

ಮೂರೂ ಮಕ್ಕಳು ತಲೆಗೆ ತಲೆ ಕೂಡಿಸಿ ಗುಸುಗುಸು ನಡೆಸಿದವು. "ಮನೇಲಿ" ಎಂದಳು ಮಗಳು. "ಅಪ್ಪ, ದೊಡ್ಡಪ್ಪ ಇಬ್ಬರೂ ಇರ್ಬೇಕು."

ಮುಂದಿನ ಭಾನುವಾರ ಅಡುಗೆಮನೆ ಪಕ್ಕದ ಸಾಮಾನಿನ ಕೋಣೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ, ಲಿಫ್ಟಿನಲ್ಲಿ ಒತ್ತುವಂಥ ಎಂಟು ಗುಂಡಿಗಳಿದ್ದವು. ಇಬ್ಬರು ಅಪ್ಪಂದಿರನ್ನೂ ಒಳಗೆ ತಳ್ಳಿ, ಹೊರಗಿನಿಂದ ಚಿಲಕ ಹಾಕಲಾಯಿತು. ಈರುಳ್ಳಿ ಚೀಲ, ಷಡ್ಡಕನ ಹೊಟ್ಟೆ, ಇವೆರಡರ ನಡುವೆ ಉಳಿದ ಜಾಗದಲ್ಲಿ ಲಿಫ್ಟಪ್ಪ ಪೋಸ್ಟ್‌ಕಾರ್ಡಿನಂತೆ ನಿಂತ.

ಹೊರಗೆ ಮೂರು ಸೀನು. ತದ್ರೂಪು ಅವನವೇ. ಆಮೇಲೆ ಮಗಳು ದಪ್ಪ ಮಾಡಿಕೊಂಡ ಗಂಟಲು: "ಯಾರದು ನನ್ನ ಹೊಟ್ಟೆಯೊಳಗೆ?"

"ಅಯ್ಯೋ" ಎಂದ ಲಿಫ್ಟಪ್ಪ, ಮಕ್ಕಳಾಟಕ್ಕೆ ಇಷ್ಟು ಸಾಕೆಂಬಂತೆ.

"ಇಷ್ಟೇನಾ? ಮತ್ತೆ ಮೊದಲಿಂದ ಶುರು. ದೊಡ್ಡಪ್ಪ, ನೀವು ಕಿಂಡಿಯಿಂದ ಕೈ ಬೀಸಿ. ನಿಲ್ಲಿಸ್ಬಾರ್ದು."

ಷಡ್ಡಕ ಬಾಗಿಲ ಮೇಲಿನ ಕಿಂಡಿಗೆ ಕೈ ತೂರಿಸಿ ಬೀಸತೊಡಗಿದ. "ಕಿರುಚೋ ಮಾರಾಯ" ಎಂದು ಏದುಸಿರಿನಲ್ಲಿ ಗೋಗರೆದ. "ಗಾಳಿ ಬರ್ತಿಲ್ಲ."

ಅಡುಗೆಮನೆಯಿಂದ ಪಟ್, ಪಟ್ ಎಂದು ಬಟಾಣಿಯ ಸದ್ದು. "ಸರಿಯಾಗಿ ಕಿರುಚಿ ಅಂದ್ರೆ" ಎಂದಳು ಹೆಂಡತಿ. "ಊಟ ಮೂರು ಗಂಟೆಗಾಗುತ್ತೆ."

ಲಿಫ್ಟಪ್ಪ ಕಣ್ಣು ಮುಚ್ಚಿ, ಇಪ್ಪತ್ತೆರಡು ವರ್ಷದ ಮಹಡಿಗಳಿಂದೆಲ್ಲ ಒಟ್ಟಿಗೆ ಬಿದ್ದವನ ಹಾಗೆ ಕಿರುಚಿದ. ಬೀದಿಯ ಕೊನೆಯ ಮನೆಯ ನಾಯಿ ಅದಕ್ಕೆ ಉತ್ತರ ಕೊಟ್ಟಿತು.

 ಹೊರಗೆ ಮೂರೂ ಮಕ್ಕಳು ಬಿದ್ದು ಬಿದ್ದು ನಕ್ಕವು. ಅಂಥ ನಗು ಯಂತ್ರದ ಕೋಣೆಯ ಫೋನಿನಲ್ಲಿ ಅವನಿಗೆ ಒಂದು ಭಾನುವಾರವೂ ಕೇಳಿರಲಿಲ್ಲ. ಚಿಲಕ ತೆಗೆಯುತ್ತಾರೆಂದು ಅವನು ಬಾಗಿಲಿಗೆ ಕಿವಿ ಹಚ್ಚಿದ.

"ಇನ್ನೊಂದ್ಸಲ" ಎಂದ ಪುಟ್ಟ.